ಡ್ರಮ್ ಸ್ಯಾಂಡರ್ ಕೊಳ್ಳುವ ಮುನ್ನ

ರಂದಾ ಮಶಿನ್ ಹೊಡೆದ ಸಾಗವಾನಿ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬ್ಲೇಡು ಬಿಟ್ಟುಹೋದ ಸಣ್ಣ ಅಲೆಗಳು ಕಾಣುತ್ತವೆ, ಗಂಟಿನ ಸುತ್ತ ನಾರು ಕಿತ್ತು ಬಂದಿರುತ್ತದೆ. ಹಲಗೆ ಒಂದೆರಡೇ ಆದರೆ ಕೈ ಸ್ಯಾಂಡರ್ ಸಾಕು. ಬ್ಯಾಡಗಿ, ರಾಣೆಬೆನ್ನೂರು ಕಡೆ ಹೊಸದಾಗಿ ಶೆಡ್ಡು ಹಾಕಿದವರಿಗೆ ಬಾಗಿಲಿನ ಆರ್ಡರು ಸಾಲಾಗಿ ಬರತೊಡಗಿದಾಗ ಡ್ರಮ್ ಸ್ಯಾಂಡರ್ ತರೋಣವೇ ಎಂಬ ಪ್ರಶ್ನೆ ಏಳುತ್ತದೆ.

ಯಂತ್ರ ಸರಳ. ಗರಗರ ತಿರುಗುವ ಡ್ರಮ್ಮಿಗೆ ಪಾಲಿಶ್ ಪೇಪರಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಕೆಳಗಿನ ಬೆಲ್ಟು ಹಲಗೆಯನ್ನು ನಿಧಾನವಾಗಿ ಒಯ್ಯುತ್ತದೆ, ಡ್ರಮ್ಮು ಮೇಲ್ಮೈಯನ್ನು ತಿಕ್ಕುತ್ತದೆ. ಆದರೆ ಇದು ರಂದಾ ಮಶಿನ್ನಿನ ಕೆಲಸ ಮಾಡುವುದಿಲ್ಲ. ಸಣ್ಣ ಯಂತ್ರಕ್ಕೆ 80 ನಂಬರ್ ಪೇಪರ್ ಹಾಕಿದರೂ ಒಂದು ಸಲಕ್ಕೆ 0.4 ಮಿ.ಮೀ. ತೆಗೆದರೆ ಹೆಚ್ಚು. ಒಂದು ಸೂತ, ಅಂದರೆ ಇಂಚಿನ ಎಂಟನೇ ಒಂದು ಪಾಲು ಇಳಿಸಬೇಕಾದರೆ ಹಲಗೆಯನ್ನು ಎಂಟು ಸಲ ಓಡಿಸಬೇಕು. ದಪ್ಪ ಇಳಿಸುವುದು ರಂದಾದಲ್ಲೇ ಮುಗಿಯಲಿ, ನುಣುಪು ಮಾತ್ರ ಇಲ್ಲಿಗೆ ಬರಲಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಅಗಲ. ಹೆಬ್ಬಾಗಿಲು ಮೂರೂವರೆ ಅಡಿ ಎಂದು ದೊಡ್ಡ ಯಂತ್ರಕ್ಕೆ ಕೈ ಹಾಕಬೇಡಿ. ಜೋಡಿಸಿದ ಬಾಗಿಲಿನಲ್ಲಿ ಉದ್ದಪಟ್ಟಿ, ಅಡ್ಡಪಟ್ಟಿಗಳ ನಾರು ಬೇರೆ ಬೇರೆ ದಿಕ್ಕಿಗಿರುತ್ತದೆ. ಅದನ್ನು ಡ್ರಮ್ಮಿಗೆ ಕೊಟ್ಟರೆ ಅಡ್ಡಪಟ್ಟಿಯ ಮೇಲೆ ಗೀರು ಬೀಳುತ್ತದೆ, ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತದೆ. ಆದ್ದರಿಂದ ಜೋಡಿಸುವ ಮುಂಚಿನ ಹಲಗೆಯ ಅಗಲವನ್ನೇ ಅಳೆಯಿರಿ. ಒಂದು ಬದಿ ತೆರೆದಿರುವ 16 ಇಂಚಿನ ಯಂತ್ರದಲ್ಲಿ ಹಲಗೆಯನ್ನು ತಿರುಗಿಸಿ ಎರಡು ಸಲ ಬಿಟ್ಟರೆ 32 ಇಂಚಿನವರೆಗೂ ಆಗುತ್ತದೆ. ಕೆತ್ತನೆಯ ಹಲಗೆ ಇದಕ್ಕೆ ಸಲ್ಲದು. ಪ್ಲೈವುಡ್ಡೂ ಬೇಡ, ಅದರ ಮೇಲ್ಪದರ ತೀರಾ ತೆಳು, ನೋಡುನೋಡುತ್ತಿದ್ದಂತೆ ಸವೆದುಹೋಗುತ್ತದೆ.

ಎರಡನೆಯದು ಕರೆಂಟು. ಸಣ್ಣ ಯಂತ್ರಗಳು 230 ವೋಲ್ಟಿನ ಸಿಂಗಲ್ ಫೇಸ್‌ನಲ್ಲಿ ನಡೆಯುತ್ತವೆ, ದೊಡ್ಡವಕ್ಕೆ ತ್ರೀ ಫೇಸ್ ಬೇಕು. ಮುಂಗಡ ಕೊಡುವ ಮೊದಲು ಹೆಸ್ಕಾಂ ಬಿಲ್ಲು ತೆಗೆದು ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಧೂಳು ಹೀರುವ ಯಂತ್ರದ ಮೋಟಾರನ್ನೂ ಆ ಲೆಕ್ಕಕ್ಕೆ ಸೇರಿಸಿ.

ಏಕೆಂದರೆ ಧೂಳು ಹೀರುವ ಯಂತ್ರವಿಲ್ಲದೆ ಡ್ರಮ್ ಸ್ಯಾಂಡರ್ ನಡೆಸುವಂತಿಲ್ಲ. ಬ್ಯಾಡಗಿಯವರಿಗೆ ಧೂಳಿನ ಪಾಠ ಹೇಳಬೇಕಿಲ್ಲ, ಮೆಣಸಿನಕಾಯಿ ಮಾರುಕಟ್ಟೆಗೆ ಹೋದವರು ತಾವಾಗಿಯೇ ಮೂಗಿಗೆ ಬಟ್ಟೆ ಕಟ್ಟುತ್ತಾರೆ. ಮೆಣಸಿನ ಘಾಟು ಒಡನೆಯೇ ಕೆಮ್ಮಿಸಿ ಎಚ್ಚರಿಸುತ್ತದೆ. ಕಟ್ಟಿಗೆಯ ನುಣ್ಣನೆ ಧೂಳು ಸದ್ದಿಲ್ಲದೆ ಒಳಗಿಳಿಯುತ್ತದೆ. ಅದು ಕ್ಯಾನ್ಸರಿಗೂ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಗುರುತಿಸಿದೆ. ಮುಖಕ್ಕೆ ಎನ್95 ಮಾಸ್ಕ್ ಹಾಕಿ, ಟವೆಲ್ಲು ಸಾಲದು.

ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಿಸಿ. ಒಂದೇ ದಪ್ಪದ ಎರಡು ಪಟ್ಟಿಗಳನ್ನು, ಒಂದನ್ನು ಡ್ರಮ್ಮಿನ ಎಡತುದಿಗೆ, ಇನ್ನೊಂದನ್ನು ಬಲತುದಿಗೆ ಇಟ್ಟು ಓಡಿಸಿ, ವರ್ನಿಯರ್‌ನಿಂದ ಅಳೆಯಿರಿ. ದಪ್ಪದಲ್ಲಿ ವ್ಯತ್ಯಾಸ ಕಂಡರೆ ಡ್ರಮ್ಮು ಬೆಲ್ಟಿಗೆ ಸಮಾಂತರವಾಗಿಲ್ಲ. ಅದನ್ನು ಸರಿಪಡಿಸುವ ಬೋಲ್ಟು ಎಲ್ಲಿದೆ, ಪೇಪರ್ ಬದಲಿಸುವುದು ಹೇಗೆ ಎಂಬುದನ್ನು ಅಲ್ಲೇ ಕೈಯಾರೆ ಮಾಡಿ ಕಲಿಯಿರಿ.

ಶೆಡ್ಡಿನಲ್ಲಿ ಕೆಲಸ ಶುರುಮಾಡುವಾಗ ಹಲಗೆಯ ಮೇಲೆ ಪೆನ್ಸಿಲಿನಿಂದ ಅಂಕುಡೊಂಕಾಗಿ ಗೆರೆ ಎಳೆಯಿರಿ. ಒಂದು ಸಲ ಓಡಿಸಿದ ಮೇಲೆ ಗೆರೆ ಉಳಿದ ಜಾಗವೆಲ್ಲ ತಗ್ಗು. ಎಲ್ಲ ಗೆರೆ ಅಳಿಸಿದಾಗ ಮೇಲ್ಮೈ ಸಮವಾಯಿತೆಂದು ತಿಳಿಯಿರಿ. 80ರ ನಂತರ 120, ಆಮೇಲೆ 150 ನಂಬರ್ ಪೇಪರ್ ಹಾಕಿ, ನಡುವಿನದನ್ನು ಹಾರಿಸಿದರೆ ಹಿಂದಿನ ಗೀರು ಹೋಗುವುದಿಲ್ಲ. ಹಲಗೆ ಅರ್ಧ ದಾರಿಯಲ್ಲಿ ನಿಂತರೆ ಅಲ್ಲೇ ತಗ್ಗು ಬೀಳುತ್ತದೆ, ಸುಟ್ಟ ಕಲೆಯೂ ಮೂಡುತ್ತದೆ. ಸಾಗವಾನಿಯ ಎಣ್ಣೆಯಂಶ ಪೇಪರಿಗೆ ಮೆತ್ತಿಕೊಳ್ಳುವುದರಿಂದ ಅದನ್ನು ಉಜ್ಜಿ ತೆಗೆಯುವ ರಬ್ಬರ್ ತುಂಡು ಜೊತೆಗಿರಲಿ.

ಕೊನೆಗೆ ದುಡ್ಡಿನ ಲೆಕ್ಕ. ಯಂತ್ರದ ಬೆಲೆಗೆ ಧೂಳು ಹೀರುವ ಯಂತ್ರ, ವೈರಿಂಗ್, ವರ್ಷದ ಪೇಪರ್ ಖರ್ಚು ಸೇರಿಸಿ. ತಿಂಗಳಿಗೆ ಎಷ್ಟು ಹಲಗೆ ಬರುತ್ತವೆ ಎಂದು ಪಕ್ಕದಲ್ಲಿ ಬರೆಯಿರಿ. ವಾರಕ್ಕೊಂದು ದಿನವೂ ಯಂತ್ರ ಓಡುವಷ್ಟು ಕೆಲಸವಿಲ್ಲದಿದ್ದರೆ, ಯಂತ್ರ ಇದ್ದವರಿಗೆ ಹಲಗೆ ಕೊಟ್ಟು ಕೂಲಿ ತೆರುವುದೇ ಲಾಭ.