ಒದ್ದೆ ಗೋಡೆ ಯಾವ ಸಾಹೇಬರಿಗೂ ಕಾಯುವುದಿಲ್ಲ

ಮನೆಯೊಳಕ್ಕೆ ನೀರು ನುಗ್ಗಿದ ಸಂಸಾರವೊಂದು ಅನುಭವಿಸುವ ನಷ್ಟದಲ್ಲಿ ನೆರೆಯೇ ಮಾಡಿಹೋದದ್ದು ಒಂದು ಪಾಲಾದರೆ, ನೀರಿಳಿದ ಮೇಲೆ ಕಾನೂನಿನ ಅಜ್ಞಾನದಿಂದ ಕೂಡಿಕೊಳ್ಳುವುದು ಮತ್ತೊಂದು ಪಾಲು. ಮೊದಲನೆಯದನ್ನು ತಡೆಯುವುದು ಮನುಷ್ಯಪ್ರಯತ್ನಕ್ಕೆ ಮೀರಿದ್ದಿರಬಹುದು. ಎರಡನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. 2018ರ ಆಗಸ್ಟಿನಲ್ಲಿ ಕೊಡಗು, ಮರುವರ್ಷ ಕೃಷ್ಣಾ, ಘಟಪ್ರಭಾ, ಮಲಪ್ರಭೆಗಳು ಉಕ್ಕಿದಾಗ ಬೆಳಗಾವಿ, ಬಾಗಲಕೋಟೆಗಳ ನದೀತೀರ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳು ನೀರಿನಲ್ಲಿ ನಿಂತ ಮೇಲೆ ಈ ವಿಷಯ ಗುಡಿಸಲಿಗೂ ವಿಲ್ಲಾಕ್ಕೂ ಸಮಾನವಾಗಿಬಿಟ್ಟಿದೆ.

ಜನರಿಗೆ ಅತ್ಯಧಿಕ ನಷ್ಟವನ್ನುಂಟುಮಾಡುವ ಬಲೆ ಯಾವುದೆಂದು ಕೇಳಿದರೆ ನಾನು ಒಂದೇ ವಾಕ್ಯವನ್ನು ತೋರಿಸುವೆನು: “ಸಾಹೇಬರು ಬಂದು ನೋಡುವತನಕ ಏನನ್ನೂ ಮುಟ್ಟಬೇಡಿ, ಮುಟ್ಟಿದರೆ ಪರಿಹಾರ ಬರುವುದಿಲ್ಲ.” ಕಚೇರಿಯ ಜವಾನ, ವಿಮೆಯ ಏಜೆಂಟ, ‘ಎಲ್ಲ ನಾನು ಮಾಡಿಸಿಕೊಡುತ್ತೇನೆ’ ಎಂದು ಬಾಗಿಲಲ್ಲಿ ನಿಲ್ಲುವ ದಲ್ಲಾಳಿ, ಇವರೆಲ್ಲ ಇದನ್ನು ವೇದವಾಕ್ಯದಂತೆ ಉಚ್ಚರಿಸುತ್ತಾರೆ, ಯಾವ ಕಾನೂನಿನಲ್ಲಿದೆಯೆಂದು ಕೇಳಿದರೆ ಒಬ್ಬನೂ ಹೇಳಲಾರ, ಏಕೆಂದರೆ ಅದು ಎಲ್ಲಿಯೂ ಇಲ್ಲ. ನೆನೆದ ಹಾಸಿಗೆ, ಪ್ಲೈವುಡ್, ಗೋಡೆಗಳಲ್ಲಿ ಬೂಷ್ಟು ಬೇರೂರಲು ಇಪ್ಪತ್ತನಾಲ್ಕರಿಂದ ನಲವತ್ತೆಂಟು ತಾಸು ಸಾಕು. ಭಯಭಕ್ತಿಯಿಂದ ಬಾಗಿಲು ಹಾಕಿಕೊಂಡು ಕಾಯುತ್ತ ಕುಳಿತ ಮನೆಗೆ ವಿಮಾ ಸರ್ವೇಯರ್ ಎರಡನೆಯ ವಾರದಲ್ಲಿ ಕಾಲಿಟ್ಟು, ಆಳೆತ್ತರಕ್ಕೆ ಕಪ್ಪಾದ ಗೋಡೆಯನ್ನು ನೋಡಿ, “ಇದು ಬಹುಕಾಲದ ಸೋರಿಕೆಯಿಂದಾದ ತೇವ, ಮಾಲೀಕರು ಜಾಗ್ರತೆ ವಹಿಸಿಲ್ಲ” ಎಂದು ಬರೆದುಕೊಂಡು ಹೋಗುತ್ತಾನೆ. ಆಜ್ಞೆಯನ್ನು ಪಾಲಿಸಿದ್ದೇ ಅಲಕ್ಷ್ಯದ ಆರೋಪವಾಗಿ ಪರಿಣಮಿಸುತ್ತದೆ.

ಕಾನೂನಿನ ನಿಲುವು ಇದಕ್ಕೆ ನೇರವಾಗಿ ವಿರುದ್ಧ. 1872ರ ಕರಾರು ಕಾಯಿದೆಯ 73ನೆಯ ಕಲಮಿನ ವಿವರಣೆಯು, ನಷ್ಟವನ್ನು ಅಂದಾಜು ಮಾಡುವಾಗ ಅದನ್ನು ತಗ್ಗಿಸಲು ನಷ್ಟಹೊಂದಿದವನಿಗೆ ಯಾವ ಸಾಧನಗಳಿದ್ದವೆಂಬುದನ್ನು ಗಣನೆಗೆ ತೆಗೆದುಕೊಳ್ಳತಕ್ಕದ್ದೆಂದು ಹೇಳುತ್ತದೆ. ಹೆಚ್ಚಿನ ಹಾನಿಯನ್ನು ತಡೆಯಲು ಸಮಂಜಸವಾದ ಕ್ರಮ ಕೈಗೊಳ್ಳಬೇಕೆಂಬುದು ವಿಮಾ ಪಾಲಿಸಿಗಳಲ್ಲಿಯೂ ಸಾಮಾನ್ಯ ಷರತ್ತು. ಎಂದರೆ ಒಣಗಿಸುವುದು ನಿಮ್ಮ ಹಕ್ಕಷ್ಟೇ ಅಲ್ಲ, ಕರ್ತವ್ಯ. ಆದರೆ ಈ ಮಾತನ್ನು ಕೇಳಿದೊಡನೆಯೇ ಪೊರಕೆ ಹಿಡಿದು ಎಲ್ಲವನ್ನೂ ತೊಳೆದು, ನೆನೆದದ್ದನ್ನೆಲ್ಲ ತಿಪ್ಪೆಗೆಸೆದು, ಗೋಡೆಗೆ ಸುಣ್ಣ ಬಳಿದುಬಿಟ್ಟರೆ ಅದೂ ಅನರ್ಥವೇ. ನಷ್ಟವಾಯಿತೆಂದು ತೋರಿಸಲು ಆಗ ಏನೂ ಉಳಿದಿರುವುದಿಲ್ಲ. ಮೊದಲು ದಾಖಲೆ, ಜೊತೆಯಲ್ಲೇ ಲಿಖಿತ ಸೂಚನೆ, ಒಡನೆಯೇ ಒಣಗಿಸುವಿಕೆ: ಈ ಮೂರೂ ಒಂದೇ ದಿನದ ಕೆಲಸ.

ಮೊದಲನೆಯದು, ದಾಖಲೆ. ಮುಖ್ಯ ವಿದ್ಯುತ್ ಸಂಪರ್ಕ ಕಡಿದಿದೆಯೆಂದು ಲೈನ್‌ಮನ್ ಹೇಳುವವರೆಗೆ ಒಳಗೆ ಹೋಗಬೇಡಿ. ನೀರಿನಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ. ಅನಂತರ ನೀರಿನ ಗುರುತು ಗೋಡೆಯ ಮೇಲೆ ಮಾಸುವ ಮುನ್ನವೇ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು, ಪ್ರತಿಯೊಂದು ಕೋಣೆಯನ್ನೂ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಇಲ್ಲೊಂದು ಎಚ್ಚರಿಕೆ: ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರದಲ್ಲಿ ತೆಗೆದ ಸಮಯ, ಸ್ಥಳಗಳ ವಿವರ ಉಳಿಯುವುದಿಲ್ಲ; ಮೂಲ ಚಿತ್ರವನ್ನು ಅಳಿಸಬಾರದು, ಸಾಧ್ಯವಾದರೆ ಆ ಫೋನನ್ನು ಮಾರಲೂಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಇಂಥ ಚಿತ್ರಗಳೊಡನೆ ಪ್ರಮಾಣಪತ್ರವೊಂದನ್ನು ಹಾಜರುಪಡಿಸಬೇಕಾಗುವುದರಿಂದ ಮೂಲ ಉಪಕರಣಕ್ಕೆ ಬೆಲೆ ಹೆಚ್ಚು. ನೆನೆದ ವಸ್ತುಗಳ ಪಟ್ಟಿಯನ್ನು ಕೈಬರಹದಲ್ಲಾದರೂ ಬರೆದು ಇಬ್ಬರು ನೆರೆಯವರಿಂದ ಸಹಿ ಹಾಕಿಸಿ.

ಎರಡನೆಯದು, ಸೂಚನೆ. ತಹಶೀಲ್ದಾರರಿಗೆ, ಗ್ರಾಮ ಪಂಚಾಯಿತಿಗೆ ಅಥವಾ ನಗರಸಭೆಗೆ, ವಿಮೆಯಿದ್ದರೆ ಕಂಪನಿಗೆ, ಬಾಡಿಗೆದಾರರಾಗಿದ್ದರೆ ಮನೆಯ ಮಾಲೀಕರಿಗೆ, ಆ ದಿನವೇ ಬರೆಯಿರಿ. ದೂರವಾಣಿಯಲ್ಲಿ ಹೇಳಿದೆ, ಮಾತಿನಲ್ಲಿ ತಿಳಿಸಿದೆ ಎಂಬುದು ಯಾವ ಕಚೇರಿಯಲ್ಲಿಯೂ ಹೇಳಿದಂತಲ್ಲ. ಪತ್ರದಲ್ಲಿ ಈ ಒಂದು ವಾಕ್ಯವಿರಲಿ: “ಬೂಷ್ಟು ಹಾಗೂ ಹೆಚ್ಚಿನ ಹಾನಿಯನ್ನು ತಡೆಯುವ ಸಲುವಾಗಿ ಈ ದಿನವೇ ಮನೆಯನ್ನು ಒಣಗಿಸಲಾರಂಭಿಸುತ್ತಿದ್ದೇನೆ, ಚಿತ್ರಗಳನ್ನೂ ಹಾನಿಗೊಂಡ ವಸ್ತುಗಳ ಮಾದರಿಗಳನ್ನೂ ಪರಿಶೀಲನೆಗಾಗಿ ಕಾದಿರಿಸಿದ್ದೇನೆ.” ‘ಏಕೆ ಮುಟ್ಟಿದಿರಿ’ ಎಂದು ಮುಂದೆ ಯಾವ ಸರ್ವೇಯರನೂ ಕೇಳದಂತೆ ಮಾಡುವುದು ಈ ವಾಕ್ಯವೇ. ಟಪಾಲು ವಿಭಾಗದಲ್ಲಿ ಎರಡನೆಯ ಪ್ರತಿಯ ಮೇಲೆ ದಿನಾಂಕಸಹಿತ ಮೊಹರು ಹಾಕಿಸಿಕೊಳ್ಳದೆ ಹಿಂದಿರುಗಬೇಡಿ. ‘ಇಟ್ಟುಹೋಗಿ, ನೋಡುತ್ತೇವೆ’ ಎಂದು ಗುಮಾಸ್ತೆ ಗದರಿಸುವುದುಂಟು. ಆಗ ವಾಗ್ವಾದ ಬೇಡ, ಹೊರಗೆ ಬಂದು ಅದೇ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ.

ವಿಮೆಯೇ ಇಲ್ಲವೆಂದು ಭಾವಿಸುವವರು ಒಮ್ಮೆ ಗೃಹಸಾಲದ ಕಾಗದಗಳನ್ನು ತೆರೆದು ನೋಡಬೇಕು. ಸಾಲ ಕೊಡುವಾಗ ಬ್ಯಾಂಕು ಮನೆಗೆ ವಿಮೆ ಮಾಡಿಸಿ ಕಂತಿನಲ್ಲಿ ಸೇರಿಸಿದ್ದು ಎಷ್ಟೋ ಮಂದಿಗೆ ತಿಳಿದೇ ಇರುವುದಿಲ್ಲ. 2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯಲ್ಲಿ ಚಂಡಮಾರುತ, ನೆರೆ, ಭೂಕುಸಿತಗಳಷ್ಟೇ ಅಲ್ಲದೆ ನೀರಿನ ತೊಟ್ಟಿ, ಕೊಳವೆಗಳು ಒಡೆದು ಉಕ್ಕಿದ್ದೂ ಸೇರಿದೆ. ಆದರೆ ವರ್ಷಗಟ್ಟಲೆ ಜಿನುಗಿದ ಸೋರಿಕೆ ಅಂಥ ಹಠಾತ್ ಘಟನೆಯಲ್ಲ. ಆದುದರಿಂದಲೇ ಬೂಷ್ಟು ಏಳುವ ಮೊದಲಿನ ಚಿತ್ರಕ್ಕೆ ಅಷ್ಟು ಮಹತ್ತ್ವ.

ಮೂರನೆಯದು, ಒಣಗಿಸುವಿಕೆ. ನಿಂತ ನೀರನ್ನೂ ಕೆಸರನ್ನೂ ಹೊರಹಾಕಿ, ಕಿಟಕಿಬಾಗಿಲು ತೆರೆದು, ಬೀರು, ಮಂಚಗಳನ್ನು ಗೋಡೆಯಿಂದ ದೂರ ಸರಿಸಿ, ಗಾಳಿ ಅಡ್ಡಹಾಯುವಂತೆ ಮಾಡಿ. ಹತ್ತಿಯ ಹಾಸಿಗೆ, ದಿಂಬು, ಉಬ್ಬಿದ ಪ್ಲೈವುಡ್‌ಗಳನ್ನು ಉಳಿಸಿಕೊಳ್ಳುವ ಆಸೆ ವ್ಯರ್ಥ. ಆದರೆ ಎಸೆಯುವ ಮುನ್ನ ಒಂದೊಂದು ತುಂಡನ್ನು ಕತ್ತರಿಸಿ, ಚೀಟಿ ಹಚ್ಚಿ, ಮನೆಯ ಹೊರಗೆ ಇಟ್ಟುಕೊಳ್ಳಿ. ಫ್ಯಾನ್ ಹಾಕಿರೆಂದು ಹೇಳುವಾಗಲೇ ಅಪವಾದವನ್ನೂ ಹೇಳಬೇಕಾಗಿದೆ: ಬೂಷ್ಟು ಆಗಲೇ ಕಣ್ಣಿಗೆ ಬಿದ್ದಿದ್ದರೆ ಆ ಕೋಣೆಯಲ್ಲಿ ಫ್ಯಾನ್ ತಿರುಗಿಸಬಾರದು, ಅದರ ಕಣಗಳು ಮನೆಯೆಲ್ಲ ಹರಡುತ್ತವೆ, ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒರೆಸಿ ತೆಗೆಯಬೇಕು, ಉಬ್ಬಸದವರನ್ನು ಅಲ್ಲಿಂದ ದೂರವಿಡಬೇಕು. ಬ್ಲೀಚಿಂಗ್ ಪುಡಿಯೊಡನೆ ಶೌಚಾಲಯದ ಆಸಿಡ್ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ಮಣ್ಣಿನ ಗೋಡೆಗಳ ವಿಷಯವೇ ಬೇರೆ: ಅವು ನೀರಿನಲ್ಲಿ ನಿಂತಿರುವಾಗ ಕುಸಿಯದೆ ನೀರಿಳಿದ ಮೇಲೆ ಕುಸಿಯುವುದುಂಟು, ಅಂಥ ಮನೆಯಲ್ಲಿ ಆಸರೆಗಂಬಗಳನ್ನು ಕೊಡದೆ ರಾತ್ರಿ ಮಲಗಬಾರದು. ಗೋಡೆ ಒಳಗಿಂದ ಒಣಗದೆ ಬಣ್ಣ ಬಳಿಯಬೇಡಿ; ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಬಣ್ಣದ ಹಿಂದಿನಿಂದ ಮತ್ತೆ ಏಳುತ್ತದೆ. ಖರ್ಚಿನ ಬಿಲ್ಲುಗಳೆಲ್ಲ ಒಂದು ಕವರಿನಲ್ಲಿರಲಿ.

ನಾಲ್ಕನೆಯದು, ಮಹಜರು. ಉತ್ತರದ ಜಿಲ್ಲೆಗಳಲ್ಲಿ ಇನ್ನೂ ತಲಾಟಿ ಎಂದೇ ಕರೆಸಿಕೊಳ್ಳುವ ಗ್ರಾಮ ಆಡಳಿತಾಧಿಕಾರಿ, ಪಂಚಾಯಿತಿಯವರು, ಇಂಜಿನಿಯರ್ ಬಂದು ಹಾನಿಯ ಶೇಕಡಾವಾರು ಬರೆದುಕೊಳ್ಳುತ್ತಾರೆ. ಆ ಅಂಕಿಯೇ ನಿಮ್ಮ ಭಾಗ್ಯ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರ ಅವಧಿಯ ಮಾನದಂಡದಲ್ಲಿ, ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಬಯಲುಸೀಮೆಯಲ್ಲಿ ಪೂರ್ಣ ನಾಶವಾದ ಮನೆಗೆ 1,20,000 ರೂಪಾಯಿ. ರಾಜ್ಯ ಸರ್ಕಾರ ಆಯಾ ವರ್ಷದ ಆದೇಶದಿಂದ ಇದಕ್ಕೆ ಸೇರಿಸುವುದುಂಟು. 2019ರಲ್ಲಿ ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿ, ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಗಿತ್ತು. ‘ಸಿ ಇದ್ದದ್ದನ್ನು ಬಿ ಮಾಡಿಸುತ್ತೇನೆ’ ಎಂಬ ದಲ್ಲಾಳಿಯ ವ್ಯಾಪಾರ ಹುಟ್ಟಿದ್ದು ಈ ಅಕ್ಷರಗಳ ಸಂದಿಯಲ್ಲಿಯೇ. ಬೂಷ್ಟಿಗೆಂದು ಈ ಪಟ್ಟಿಯಲ್ಲಿ ಪ್ರತ್ಯೇಕವಾದ ಕಾಸಿಲ್ಲವೆಂಬುದನ್ನೂ ಮನಗಾಣಬೇಕು. ಅದನ್ನು ಬಾರದಂತೆ ತಡೆದವನಿಗೆ ಆ ತಡೆಯೇ ಪರಿಹಾರ.

ಖಾಲಿ ನಮೂನೆಗೆ ಸಹಿ ಹಾಕಬೇಡಿ. ಬರೆದದ್ದನ್ನು ಓದಿಸಿ ಕೇಳಿ, ಫೋಟೋ ತೆಗೆದುಕೊಳ್ಳಿ. ಸಮೀಕ್ಷೆ ಮುಗಿದ ಮೇಲೆ ಗೋಡೆ ಬಿದ್ದರೆ ‘ಆಗಲೇ ಬರೆದಾಗಿದೆ’ ಎಂಬ ಉತ್ತರವನ್ನು ಒಪ್ಪದೆ, ಹೊಸ ಚಿತ್ರಗಳೊಡನೆ ಮರುಸಮೀಕ್ಷೆಗೆ ಲಿಖಿತವಾಗಿ ಕೇಳಿ. ವರದಿಯ ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ: ಶುಲ್ಕ 10 ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಆದರೆ ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ ನೂರೈವತ್ತು ಪದಗಳೊಳಗಿರಬೇಕು. ಮನಸ್ಸಿನ ಸಂಕಟವನ್ನೆಲ್ಲ ಅದರಲ್ಲಿ ತೋಡಿಕೊಂಡರೆ ಅರ್ಜಿಯನ್ನು ತಳ್ಳಿಹಾಕಲು ನೀವೇ ನೆಪ ಒದಗಿಸಿದಂತೆ. ಹಣ ಕೇಳಿದರೆ ಕೊಡುವ ಮೊದಲು ಲೋಕಾಯುಕ್ತ ಪೊಲೀಸರ ಬಳಿ ಹೋಗಿ, ಕೊಟ್ಟ ಮೇಲಲ್ಲ.

ಐದನೆಯದು, ನಿರಾಕರಣೆ. ವಿಮಾ ಕಂಪನಿ ಅರ್ಧ ಹಣ ಕೊಟ್ಟು ‘ಪೂರ್ಣ ಹಾಗೂ ಅಂತಿಮ’ ಎಂಬ ರಸೀದಿಗೆ ಸಹಿ ಕೇಳಿದರೆ, ‘ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದೆ’ ಎಂದು ಸಹಿಯ ಮೇಲೆ ಬರೆಯಿರಿ. ಮೊದಲು ಕಂಪನಿಗೇ ಲಿಖಿತ ದೂರು. ತೃಪ್ತಿಕರ ಉತ್ತರ ಬಾರದಿದ್ದರೆ ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ. ನನ್ನ ವೃತ್ತಿಬಾಂಧವರು ಆ ದಾರಿಯನ್ನು ತೋರಿಸದಿರಲು ಇದೇ ಕಾರಣವಾಗಿರಲೂಬಹುದು. ಇಲ್ಲವಾದರೆ ಎರಡು ವರ್ಷದೊಳಗೆ ಗ್ರಾಹಕರ ಆಯೋಗ, ಅದೂ 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲಿಯೇ. ಆಯೋಗದಲ್ಲಿ ಪ್ರಕರಣ ಹೂಡಿದ ಮೇಲೆ ಮಾತ್ರ ಓಂಬುಡ್ಸ್‌ಮನ್ನರ ಬಾಗಿಲು ತೆರೆಯದು.

ಬಾಡಿಗೆದಾರರ ಪಾಡು ಇದಕ್ಕಿಂತ ಸೂಕ್ಷ್ಮ. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು ಸೂಚನೆಯ ಬಳಿಕವೂ ಸಕಾಲದಲ್ಲಿ ಮಾಡದಿದ್ದರೆ, ತಾವೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಹೇಳುತ್ತದೆ. ಆದರೆ ‘ಮಾಡಲೇಬೇಕಾದ’ ಎಂಬಲ್ಲಿ ಕೊಕ್ಕೆಯಿದೆ: ಹನ್ನೊಂದು ತಿಂಗಳ ಕರಾರಿನಲ್ಲಿ ದುರಸ್ತಿಯ ಮಾತೇ ಇಲ್ಲದಿದ್ದರೆ, ಅಥವಾ ಅದನ್ನು ನಿಮ್ಮ ಮೇಲೆಯೇ ಹೊರಿಸಿದ್ದರೆ, ಬಾಡಿಗೆ ನಿಲ್ಲಿಸಿದವರು ಬಾಕಿದಾರರಾಗಿ ತೆರವು ದಾವೆಗೆ ಗುರಿಯಾಗುತ್ತಾರೆ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಹೊಸ ಅಪಾರ್ಟ್‌ಮೆಂಟಿನ ಗೋಡೆಯೇ ಕಳಪೆಯಾಗಿ ನೀರು ಕುಡಿಯುತ್ತಿದ್ದರೆ, ಸ್ವಾಧೀನದಿಂದ ಐದು ವರ್ಷದೊಳಗೆ ತಿಳಿಸಿದ ದೋಷವನ್ನು ಮೂವತ್ತು ದಿನಗಳಲ್ಲಿ ಉಚಿತವಾಗಿ ಸರಿಪಡಿಸುವ ಹೊಣೆ ರೇರಾ ಕಾಯಿದೆಯ 14ನೆಯ ಕಲಮಿನಂತೆ ನಿರ್ಮಾಪಕನದು. ಆತ ನಿವಾಸಿಗಳ ಸಂಘದ ಕಡೆಗೆ, ಸಂಘ ಮೇಲಿನ ಮನೆಯವರ ಕಡೆಗೆ ಬೆರಳು ತೋರಿಸುತ್ತ ಆ ಐದು ವರ್ಷವನ್ನು ಕಳೆಯಲು ನೋಡುತ್ತಾರೆ. ಪತ್ರ ಮೂವರಿಗೂ ಒಂದೇ ದಿನ ಹೋಗಲಿ.

ಇಷ್ಟನ್ನೆಲ್ಲ ಒಬ್ಬರೇ ನಿಭಾಯಿಸುವುದು ಹೇಗೆಂದು ಅಂಜುವವರಿಗೆ ಕೊನೆಯದೊಂದು ಮಾತು. ನೆರೆಯ ಸಂತ್ರಸ್ತರಿಗೆ ಸರ್ಕಾರದ ವೆಚ್ಚದಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅಥವಾ ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100 ಎಂಬ ಸಹಾಯವಾಣಿಗೆ ಕರೆ ಮಾಡಲೂಬಹುದು. ಆದಾಯ ಪ್ರಮಾಣಪತ್ರ ತನ್ನಿರೆಂದು ಮೇಜಿನಾಚೆಯಿಂದ ಯಾರಾದರೂ ಗದರಿಸಿದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮನ್ನು ಓದಿ ನೋಡಿರೆಂದು ಸವಿನಯವಾಗಿ ಹೇಳಿ: ನೆರೆಗೆ ಸಿಕ್ಕವರ ಆದಾಯವನ್ನು ಅದು ಕೇಳುವುದಿಲ್ಲ.