ಚತುರ್ವಿಧ ದಾನದಲ್ಲಿ ಸಂಶೋಧನೆಯ ಸ್ಥಾನ

ಗೃಹಸ್ಥನ ಷಟ್ಕರ್ಮಗಳಲ್ಲಿ ದಾನವೂ ಒಂದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ಅದು ನಾಲ್ಕು ವಿಧ. ರೋಗಿಗೆ ಮದ್ದು ಕೊಡಿಸುವುದು ಭೈಷಜ್ಯದಾನವೆಂಬುದನ್ನು ಎಲ್ಲರೂ ಬಲ್ಲರು. ಆದರೆ ರೋಗದ ಮೂಲಕಾರಣವನ್ನು ಅರಸುವವರಿಗೆ ನೀಡಿದ ಧನವು ಯಾವ ದಾನ? ಶ್ರಾವಕ ಶ್ರಾವಿಕೆಯರು ಇದನ್ನು ವಿಚಾರಿಸುವುದು ಇಂದು ಅವಶ್ಯವಾಗಿದೆ.

ಉಂಡ ಅನ್ನವು ಶಕ್ತಿಯಾಗಿ, ಮೇದಸ್ಸಾಗಿ ಮಾರ್ಪಡುವ ಕ್ರಿಯೆಗೆ ಚಯಾಪಚಯವೆಂದು ಹೆಸರು. ರಕ್ತದಲ್ಲಿರುವ ಸಕ್ಕರೆಯನ್ನು ಜೀವಕೋಶಗಳು ಸ್ವೀಕರಿಸುವಂತೆ ಮಾಡುವುದು ಮೇದೋಜೀರಕಾಂಗದಿಂದ ಸ್ರವಿಸುವ ಇನ್ಸುಲಿನ್. ಕೆಲವರಲ್ಲಿ ಜೀವಕೋಶಗಳು ಅದರ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಇದೇ ಇನ್ಸುಲಿನ್ ಪ್ರತಿರೋಧ. ಆಗ ಆ ಅಂಗವು ಇನ್ನಷ್ಟು ಇನ್ಸುಲಿನನ್ನು ಸುರಿಸಬೇಕಾಗುತ್ತದೆ. ಅದೂ ಸಾಲದಾದಾಗ ಮಧುಮೇಹವು ತಲೆದೋರುತ್ತದೆ. ಹೊಟ್ಟೆಯ ಬೊಜ್ಜು ಈ ದೋಷವನ್ನು ಬೆಳೆಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ 1,13,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆ, ನೂರಕ್ಕೆ 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಅಷ್ಟಮಿ ಚತುರ್ದಶಿಗಳಂದು ಉಪವಾಸವಿರುವ ಮನೆಗಳಿಗೂ ಈ ರೋಗವು ಹೊರತಲ್ಲ.

ಇಂತಹ ರೋಗದ ಮೂಲವು ಒಂದು ದಿನದ ತಪಾಸಣಾ ಶಿಬಿರದಲ್ಲಿ ಗೋಚರಿಸದು. ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ಹೆಸರಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯವರು 1934ರಿಂದ ಅಲ್ಲಿ ಜನಿಸಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ದಶಕಗಳ ಬಳಿಕ ಸಂಶೋಧಕರು ಆ ಪುಸ್ತಕಗಳ ಆಧಾರದಿಂದ, ಪ್ರಾಯಕ್ಕೆ ಬಂದಿದ್ದ ಆ ಮಕ್ಕಳನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ಗಿಡ್ಡವಾಗಿ ದಪ್ಪವಾಗಿದ್ದವರಲ್ಲಿ ಮಧುಮೇಹ ಹೆಚ್ಚೆಂದು 1998ರಲ್ಲಿ ಪ್ರಕಟವಾಯಿತು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ಪರೀಕ್ಷೆಯೊಡನೆ ಇನ್ನೊಂದು ಅಧ್ಯಯನವು ಆರಂಭವಾಯಿತು. ಅದಕ್ಕೆ ಧನವಿತ್ತ ಸಂಸ್ಥೆಗಳಲ್ಲಿ ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟ್ ಒಂದು. ಅದರ ಹೆಸರಿನಿಂದಲೇ ಅಧ್ಯಯನವು ಪ್ರಸಿದ್ಧವಾಗಿದೆ. ಜನಿಸಿದ ಮಕ್ಕಳನ್ನು ಹದಿಹರೆಯದವರೆಗೂ ಬಿಡದೆ ಪರೀಕ್ಷಿಸಲಾಯಿತು. ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಮೇದಸ್ಸೂ ಇನ್ಸುಲಿನ್ ಪ್ರತಿರೋಧವೂ ಹೆಚ್ಚಾಗಿದ್ದುದು ಕಂಡುಬಂದಿತು. ಮಧ್ಯದಲ್ಲಿ ಹಣ ನಿಂತಿದ್ದರೆ ಈ ಸತ್ಯವು ತಿಳಿಯುತ್ತಿರಲಿಲ್ಲ. ಮೈಸೂರಿನ ತಾಯಿಮಕ್ಕಳ ಆರೋಗ್ಯದ ಅರಿವಿಗೆ ದೂರದೇಶದ ದತ್ತಿಯು ಆಸರೆಯಾಯಿತೆಂಬುದನ್ನು ನಾವು ಮನಗಾಣಬೇಕು.

ನಿರಂತರವಾಗಿ ನಡೆಯುವ ದಾನವು ನಮಗೆ ಹೊಸದಲ್ಲ. ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಗಂಗರಾಜನ ಮಗ ಬೊಪ್ಪನು 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅರಸೀಕೆರೆಯಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ರೇಚರಸನು 1220ರಲ್ಲಿ ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಆ ಕಾಲದ ದಾನಿಗಳು ಕಲ್ಲುಕಟ್ಟಡದೊಂದಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಲಿಲ್ಲ. ಮುಂದಿನ ಪೂಜೆಗೂ ಜೀರ್ಣೋದ್ಧಾರಕ್ಕೂ ಭೂಮಿಯ ಉತ್ಪನ್ನವನ್ನು ಬಿಟ್ಟುಕೊಡುವುದು ವಾಡಿಕೆಯಾಗಿತ್ತು. ಸಂಶೋಧನೆಗೆ ಬೇಕಾದುದೂ ಇಂತಹ ದತ್ತಿಯೇ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಕುಟುಂಬಗಳು ಒಂದು ವರ್ಷದ ದೊಡ್ಡ ಮೊತ್ತಕ್ಕಿಂತ, ಹಲವು ವರ್ಷ ತಪ್ಪದೆ ಸಲ್ಲುವ ಚಿಕ್ಕ ಮೊತ್ತವನ್ನು ಕೂಡಿ ನಿಶ್ಚಯಿಸುವುದು ಮೇಲು.

ಕೊಡುವ ಮುನ್ನ ಮೂರು ವಿಷಯಗಳನ್ನು ವಿಚಾರಿಸಬೇಕು. ಮೊದಲನೆಯದಾಗಿ, ಆ ಸಂಶೋಧನೆಗೆ ನೈತಿಕ ಸಮಿತಿಯ ಒಪ್ಪಿಗೆಯಿದೆಯೆ, ಪರೀಕ್ಷೆಗೊಳಗಾಗುವವರ ಸಮ್ಮತಿಯನ್ನು ಪಡೆಯುವರೆ? ಎರಡನೆಯದಾಗಿ, ಪ್ರಾಣಿಹಿಂಸೆಯಿಲ್ಲದ ಅಧ್ಯಯನವೆ? ಮೇಲೆ ಹೇಳಿದ ಮೈಸೂರಿನ ಅಧ್ಯಯನಗಳು ಮನುಷ್ಯರ ಅಳತೆ, ರಕ್ತಪರೀಕ್ಷೆಗಳಿಂದಲೇ ನಡೆದವು; ಅಹಿಂಸಾವ್ರತಿಯು ಇಂತಹವನ್ನು ಆರಿಸಿಕೊಳ್ಳಬಹುದು. ಮೂರನೆಯದಾಗಿ, ಫಲವು ಏನೇ ಬಂದರೂ ಪ್ರಕಟಿಸುವರೆ?

ಈ ಕೊನೆಯ ಪ್ರಶ್ನೆಯು ದಾನಿಯ ಮನಶ್ಶುದ್ಧಿಗೆ ಸಂಬಂಧಿಸಿದುದು. ಉಪವಾಸದಿಂದ ಬೊಜ್ಜು ಕರಗುವುದೆಂದು ಸಿದ್ಧಪಡಿಸಿಕೊಡಿರೆಂದು ಹಣ ನೀಡಿದರೆ ಅದು ದಾನವಲ್ಲ, ಕ್ರಯ. ಅನಶನ, ಅವಮೌದರ್ಯಗಳು ಕರ್ಮನಿರ್ಜರೆಗಾಗಿ ವಿಧಿಸಲ್ಪಟ್ಟ ಬಾಹ್ಯತಪಗಳು. ತೂಕದ ಯಂತ್ರದ ಸಾಕ್ಷ್ಯವು ಅವಕ್ಕೆ ಬೇಕಿಲ್ಲ. ಉಪವಾಸದಿಂದ ಯಾವ ರೋಗಿಗೆ ಹಿತ, ಯಾವನಿಗೆ ಅಪಾಯ ಎಂಬುದನ್ನು ತಿಳಿಸಿದರೆ ಸಂಶೋಧನೆಯು ಸಾರ್ಥಕ. ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ಸಕ್ಕರೆ ಇಳಿಸುವ ಗುಳಿಗೆಗಳನ್ನಾಗಲಿ ತೆಗೆದುಕೊಳ್ಳುವವರು ನಿರಾಹಾರವಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಅವರು ವೈದ್ಯರ ಸಲಹೆ ಪಡೆದು, ಶಕ್ತಿಯನ್ನು ಮೀರದಂತೆ ವ್ರತವನ್ನು ಸ್ವೀಕರಿಸತಕ್ಕದ್ದು.

ಹೀಗೆ ವಿಚಾರಿಸಿದರೆ ಸಂಶೋಧನೆಗೆ ಕೊಟ್ಟ ಧನವು ಭೈಷಜ್ಯದಾನದ ಬೇರು. ಅರಿವನ್ನು ಹರಡುವುದರಿಂದ ಅದು ಜ್ಞಾನದಾನವೂ ಹೌದು. ಇನ್ನೂ ಹುಟ್ಟದ ಮಗುವನ್ನು ರೋಗಭಯದಿಂದ ಕಾಯುವುದಾದರೆ ಅಭಯದಾನಕ್ಕೂ ಸಮೀಪವಾದುದು. ಈ ಪರ್ವದ ಪಾರಣೆಯ ದಿನ ಮನೆಯವರೆಲ್ಲರೂ ಕುಳಿತು, ಸಿಹಿಯ ವೆಚ್ಚದಲ್ಲಿ ಒಂದು ಪಾಲನ್ನು ಇದಕ್ಕಾಗಿ ತೆಗೆದಿರಿಸುವುದು ಯೋಗ್ಯ.