ಬೇಲಿಯೇ ಹೊಲ ಮೇಯುವ ರೋಗ: ಆಕಳಿನ ಉಣ್ಣೆ ಜ್ವರ ಮತ್ತು ಲಸಿಕೆ

ಮೊರಬದ ಕಡೆಯ ತಾಯಿಯೊಬ್ಬರು ರಕ್ತದೊತ್ತಡ ತೋರಿಸಲು ಬಂದಿದ್ದರು. ಗುಳಿಗೆ ತಪ್ಪಿಸಿರಲಿಲ್ಲ, ಒತ್ತಡ ಮಾತ್ರ ಏರಿತ್ತು. ವಿಚಾರಿಸಿದಾಗ, ಸಾಲ ಮಾಡಿ ತಂದ ಎಚ್.ಎಫ್. ಮಿಶ್ರತಳಿಯ ಆಕಳು ಜ್ವರ ಬಂದು ಸತ್ತಿತೆಂದು ತಿಳಿಯಿತು. ಪಶುವೈದ್ಯರು ಅದನ್ನು ಥೈಲೇರಿಯಾ ಎಂದಿದ್ದರು. “ವರ್ಷಕ್ಕ ಎರಡ ಸಲ ಸೂಜಿ ಹಾಕಿಸೇವ್ರೀ ಡಾಕ್ಟ್ರ, ಆದ್ರೂ ಹಿಂಗ್ಯಾಕಾತ್ರೀ?” ಎಂದು ಆಕೆ ಕೇಳಿದರು.

ಆ ಸೂಜಿ ಕಾಲುಬಾಯಿ ಬೇನೆಯದು. ಒಂದು ರೋಗದ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಏಕೆಂದು ನೋಡೋಣ.

ಕಾಲುಬಾಯಿ ಬೇನೆಗೆ ಕಾರಣ ವೈರಸ್. ಲಸಿಕೆ ಹಾಕಿದಾಗ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ವೈರಸ್ ಬಂದೊಡನೆ ಅವು ಹಿಡಿದು ಹಾಕುತ್ತವೆ. ಥೈಲೇರಿಯಾ ಹಾಗಲ್ಲ. ಇದು ಉಣ್ಣೆ ಕಚ್ಚಿದಾಗ ಅದರ ಜೊಲ್ಲಿನೊಂದಿಗೆ ಒಳಸೇರುವ ಪರಾವಲಂಬಿ ಜೀವಿ. ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕೋಶದೊಳಗೇ ಹೊಕ್ಕು, ಆ ಕೋಶ ಎಡೆಬಿಡದೆ ಒಡೆದು ಹೆಚ್ಚುವಂತೆ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಕೋಶದೊಳಗೆ ಅಡಗಿದ ಶತ್ರುವನ್ನು ಪ್ರತಿಕಾಯ ಮುಟ್ಟಲಾರದು. ಮುಂದೆ ಕೆಂಪು ರಕ್ತಕಣಗಳೂ ನಾಶವಾಗಿ ರಕ್ತಹೀನತೆ, ಕಾಮಾಲೆ ಕಾಣಿಸುತ್ತವೆ. ಕಿಲಾರಿಯಂಥ ನಾಡತಳಿಗಳಲ್ಲಿ ರೋಗ ಸಾಮಾನ್ಯವಾಗಿ ಸೌಮ್ಯ, ಮಿಶ್ರತಳಿಗಳಲ್ಲಿ ಪ್ರಾಣಾಂತಕ.

ಇದಕ್ಕೆ ಬೇರೆಯೇ ಲಸಿಕೆ ಇದೆ. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯ ‘ರಕ್ಷಾವ್ಯಾಕ್-ಟಿ’ ಅಂಥದೊಂದು. ಸೋಂಕಿತ ಬಿಳಿ ಕೋಶಗಳನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ಪರಾವಲಂಬಿಯ ಉಗ್ರತೆ ಕಳೆದು, ಜೀವಂತವಾಗಿಯೇ ಚುಚ್ಚುತ್ತಾರೆ. ಆಗ ಆಕಳಿನ ಟಿ-ಕೋಶಗಳು ಸೋಂಕಿತ ಕೋಶವನ್ನು ಗುರುತಿಸಿ ಕೊಲ್ಲಲು ಕಲಿಯುತ್ತವೆ. ಮ್ಯಾಕ್ರೋಫೇಜ್ ಎಂಬ ಕೋಶಗಳೂ ಎಚ್ಚೆತ್ತು ನೈಟ್ರಿಕ್ ಆಕ್ಸೈಡ್‌ನಂಥ ವಸ್ತು ಹೊರಬಿಟ್ಟು ಪರಾವಲಂಬಿಯನ್ನು ಹತ್ತಿಕ್ಕುತ್ತವೆ. ಮುಂದೆ ನಿಜವಾದ ಸೋಂಕು ತಗುಲಿದಾಗ ಈ ಪಾಠ ನೆರವಾಗುತ್ತದೆ.

ಇದು ಜೀವಂತ ಲಸಿಕೆಯಾದ್ದರಿಂದ ದ್ರವ ಸಾರಜನಕದ ಅತಿಶೀತದಲ್ಲಿ ಕಾಪಾಡಬೇಕು. ಹಾಕಿದ ಮರುದಿನವೇ ರಕ್ಷಣೆ ಬರುವುದಿಲ್ಲ. ಕೆಲವು ವಾರ ಬೇಕು. ಆದ್ದರಿಂದ ಉಣ್ಣೆ ಹೆಚ್ಚುವ ಮೊದಲೇ ಪಶುವೈದ್ಯರನ್ನು ಕೇಳಿರಿ. ಲಸಿಕೆ ರೋಗದ ಉಗ್ರತೆಯನ್ನು ತಡೆಯುತ್ತದೆಯೇ ಹೊರತು ಉಣ್ಣೆ ಕಚ್ಚುವುದನ್ನಲ್ಲ. ಈ ಉಣ್ಣೆಗಳು ಕೊಟ್ಟಿಗೆಯ ಗೋಡೆಯ ಬಿರುಕುಗಳಲ್ಲಿ ಅಡಗುತ್ತವೆ. ಬಿರುಕು ಮುಚ್ಚಿಸಿರಿ, ಉಣ್ಣೆ ಔಷಧಿಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಬಳಸಿರಿ.

ಆಕಳ ಮೈ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಅದು 104 ದಾಟಿ, ಹೆಗಲ ಮುಂದಿನ ಗಂಟು ಊದಿ, ಮೇವು ಬಿಟ್ಟರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿರಿ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ಘಟಕದ ನೆರವು ಕೇಳಬಹುದು. ಬೇಗ ಗುರುತಿಸಿದರೆ ಬುಪಾರ್ವಾಕೋನ್ ಚುಚ್ಚುಮದ್ದು ಅನೇಕ ಆಕಳುಗಳನ್ನು ಉಳಿಸಿದೆ.

ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಬೇಡಿರಿ. ಇದೇ ಜಾತಿಯ ಉಣ್ಣೆಗಳು ಹರಡುವ ಕ್ರಿಮಿಯನ್-ಕಾಂಗೋ ಜ್ವರ 2011ರಲ್ಲಿ ಗುಜರಾತಿನಲ್ಲಿ ಜನರ ಪ್ರಾಣ ತೆಗೆದಿತ್ತು.

ಮುಂದಿನ ಸಲ ಆಕಳಿಗೆ ಸೂಜಿ ಹಾಕಿಸುವಾಗ ಒಂದೇ ಪ್ರಶ್ನೆ ಕೇಳಿರಿ: “ಇದು ಯಾವ ಬ್ಯಾನಿಗೆ?” ಉತ್ತರವನ್ನು ತಾರೀಖಿನೊಂದಿಗೆ ಬರೆದಿಡಿರಿ. ಆ ತಾಯಿ ಈಗ ಹಾಗೆ ಬರೆದಿಡುತ್ತಾರೆ.